ಅಪ್‌ಡೇಟ್: ಥಾಯ್ಲೆಂಡ್ ಟೂರಿಸ್ಟ್ ವೀಸಾ ಅವಧಿ 30 ದಿನ ಹೆಚ್ಚಾಯ್ತು

ಚಿಯಾಂಗ್ ಮಾಯ್‌ನಲ್ಲಿದ್ದೇನೆ, ವೀಸಾ ಮುಗಿಯಲು ಆರೇ ದಿನ ಇದೆ, ಏನು ಮಾಡಲಿ ಅಂತ ಕೇಳಿದ್ದೆನಲ್ಲ, ಕೆಲಸ ಆಯ್ತು! ಲಾವೋಸ್ ಗಡಿ ದಾಟಿ ವಾಪಸ್ ಬನ್ನಿ, ಹೊಸದಾಗಿ ಉಳಿಯೋ ಅವಧಿ ಸಿಗುತ್ತೆ ಅಂದಿದ್ದರು ಕೆಲವರು. ಸುಮ್ನೆ ಓಡಾಟ, ಬೇಡ ಅನ್ನಿಸಿತು. ಇಮಿಗ್ರೇಶನ್ ಆಫೀಸಿಗೇ ಹೋಗಿ ಅವಧಿ ವಿಸ್ತರಣೆಯ ಅರ್ಜಿ, ಅಂದರೆ ಟಿಎಂ 7 ಫಾರ್ಮ್ ಕೊಡಿ ಅಂದವರ ಮಾತೇ ಸರಿ. ಫೀಸು 1,900 ಬಾತ್. ಊರಿಂದ ತಂದ ಫೋಟೊ ನಡೆಯಲಿಲ್ಲ, 4×6 ಸೆಂ.ಮೀ. ಬೇಕಿತ್ತು.

ಸಿಕ್ಕಿಹಾಕಿಕೊಂಡಿದ್ದು ಟಿಎಂ 30 ಅನ್ನೋ ಇನ್ನೊಂದು ಫಾರ್ಮಿನಲ್ಲಿ. ನಾವು ಉಳಿದಿರುವ ವಿಳಾಸವನ್ನು ಮನೆ ಮಾಲೀಕರೇ ಅದರಲ್ಲಿ ಇಮಿಗ್ರೇಶನ್‌ಗೆ ತಿಳಿಸಬೇಕಂತೆ. ನಮ್ಮ ಗೆಸ್ಟ್‌ಹೌಸ್ ಅಜ್ಜಿ ತಿಳಿಸಿರಲೇ ಇಲ್ಲ. ಫೋನ್ ಮಾಡಿದ್ದೇ ತಡ, ಪಾಪ, ಸ್ಕೂಟರ್ ಹತ್ತಿ ಕಾಗದ ಹಿಡಿದು ಬಂದೇಬಿಟ್ಟರು!

30 ದಿನ ಎಣಿಸುವುದು ಹಳೇ ಕೊನೆ ದಿನದಿಂದ, ಅರ್ಜಿ ಕೊಟ್ಟ ದಿನದಿಂದಲ್ಲ. ಹಾಗಾಗಿ ಬೇಗ ಹೋದರೂ ನಷ್ಟವಿಲ್ಲ. ಮಧ್ಯೆ ದೇಶ ಬಿಟ್ಟು ಹೋಗೋದಾದರೆ ಮಾತ್ರ ರೀ-ಎಂಟ್ರಿ ಪರ್ಮಿಟ್ (ಇದೇ ವೀಸಾ ಅವಧಿಯಲ್ಲಿ ಮತ್ತೆ ಒಳಗೆ ಬರೋ ಅನುಮತಿ) ಮೊದಲೇ ಮಾಡಿಸಿಕೊಳ್ಳಿ.