ಮಾಂಸ ಬೇಯಿಸದ ಮನೆಗೆ ಪರ್ಷಿಯನ್ ಬೆಕ್ಕು ಬರ್ತಿದೆ, ಊಟಕ್ಕೇನು ಮಾಡೋದು?

ಮೂರನೇ_ಮಹಡಿ, ಬೆಂಗಳೂರು
ಅಕ್ಕ ದುಬೈಗೆ ಹೊರಟಿದ್ದಾಳೆ. ಅವಳ ಡಾಲ್ ಫೇಸ್ ಪರ್ಷಿಯನ್ (ಮೂತಿ ತೀರಾ ಚಪ್ಪಟೆ ಇಲ್ಲದ್ದು) ಇನ್ಮೇಲೆ ನಮ್ಮ ಪಾಲಿಗೆ. ಗಂಡು, ಹೆಸರು ಬೆಣ್ಣೆ. ಕಿರುಚಲ್ಲ, ಪರದೆ ಹತ್ತಲ್ಲ, ಯಾರು ಕೂತರೆ ಅವರ ತೊಡೆ ಮೇಲೆ ಬಿದ್ಕೊಳ್ಳುತ್ತೆ. ನಮ್ಮತ್ತೆಗೂ ಇಷ್ಟವೇ. ಆದ್ರೆ "ಮೀನು ಮಾಂಸ ಒಳಗೆ ಬರೋ ಹಾಗಿಲ್ಲ, ಮೊಸರನ್ನ ಹಾಕೋಣ" ಅಂತಾರೆ. ಬೇಸಿಗೆಗೆ ಕೂದಲು ಪೂರ್ತಿ ಬೋಳಿಸಿ ಅಂತ ಪಕ್ಕದ ಮನೆಯವರ ಸಲಹೆ. ಎರಡೂ ಸರೀನಾ?

ಬಾಚಣಿಗೆ_ಅಜ್ಜಿ, ಮೈಸೂರು
ಎರಡೂ ಬೇಡ.

ಟಾರೀನ್ ಅಂತ ಒಂದು ಪೋಷಕಾಂಶ ಇದೆ. ಬೆಕ್ಕಿನ ಮೈ ಅದನ್ನ ತನಗೆ ಸಾಕಾಗುವಷ್ಟು ತಯಾರಿಸಿಕೊಳ್ಳಲ್ಲ, ಊಟದಿಂದಲೇ ಬರಬೇಕು, ಸಹಜವಾಗಿ ಅದು ಸಿಗೋದು ಮಾಂಸ ಮೀನಲ್ಲಿ. ಕೊರತೆ ತಿಂಗಳುಗಟ್ಟಲೆ ನಡೆದ್ರೆ ಹೃದಯದ ಸ್ನಾಯು ಸೋಲುತ್ತೆ, ರೆಟಿನಾ ಹಾಳಾಗುತ್ತೆ, ಹೋದ ದೃಷ್ಟಿ ವಾಪಸ್ ಬರಲ್ಲ. ನಮ್ಮದೂ ಮಡಿ ಮನೆಯೇ. ಒಣ ಆಹಾರದ ಡಬ್ಬ, ಅದರ ತಟ್ಟೆ, ಅದರ ಸ್ಪಂಜು ಎಲ್ಲಾ ಯುಟಿಲಿಟಿಯಲ್ಲಿ. ಅಡುಗೆಮನೆ ಹೊಸ್ತಿಲು ದಾಟಲ್ಲ. ಯಾರೂ ಏನೂ ಬೇಯಿಸಬೇಕಿಲ್ಲ. ಪ್ಯಾಕೆಟ್ ಮೇಲೆ 'ಕಂಪ್ಲೀಟ್' (ಬೇಕಾದ ಪೋಷಕಾಂಶ ಎಲ್ಲಾ ಇರೋದು) ಅಂತ ಇದೆಯಾ ನೋಡಿ, ಬರೀ ಟ್ರೀಟ್ ಊಟ ಆಗಲ್ಲ.

ಕೂದಲಿಗೆ ದಿನಾ ಬಾಚಣಿಗೆ, ಬೇರೆ ದಾರಿ ಇಲ್ಲ. ಸ್ಟೀಲಿಂದು ತಗೊಳ್ಳಿ, ಮೊದಲು ಅಗಲ ಹಲ್ಲು, ಆಮೇಲೆ ಸಣ್ಣ ಹಲ್ಲು. ಬೆನ್ನು ಬಾಚಿ ಮುಗೀತು ಅನ್ನಬೇಡಿ. ಗಂಟು ಕಟ್ಟೋದು ಕಂಕುಳಲ್ಲಿ, ಕಿವಿ ಹಿಂದೆ, ತೊಡೆ ಸಂದಿಯಲ್ಲಿ. ನಮ್ಮವಳು ಬೆನ್ನಿಗೆ ಗುರ್‌ಗುರ್ ಅಂತಾಳೆ, ಹೊಟ್ಟೆಗೆ ಬಂದ ತಕ್ಷಣ ಹಿಂಗಾಲಲ್ಲಿ ಬಾಚಣಿಗೆ ಒದೀತಾಳೆ. ಮುಂಗಾಲು ಒಂದನ್ನೇ ಎತ್ತಿ ನಾಲ್ಕು ಎಳೆ ಬಿಡಿಸಿ, ಬಿಟ್ಟು, ಮತ್ತೆ ಹಿಡೀತೀನಿ. ಗಂಟಿನ ಬುಡವನ್ನ ಬೆರಳಲ್ಲಿ ಒತ್ತಿ ಹಿಡಿದು, ಚೂರು ಕಾರ್ನ್‌ಫ್ಲೋರ್ ಉದುರಿಸಿ, ತುದಿಯಿಂದ ಬಿಡಿಸಿ. ಕತ್ತರಿ ಮಾತ್ರ ಹಾಕಬೇಡಿ, ಗಂಟಿನ ಜೊತೆ ಚರ್ಮವೂ ಎದ್ದು ಬಂದಿರುತ್ತೆ. ಮೈಯೆಲ್ಲಾ ಗಂಟಾದ್ರೆ ಡಾಕ್ಟರ ಹತ್ರ ಬೋಳಿಸಬೇಕಾಗುತ್ತೆ, ಅದು ಬೇರೆ ಮಾತು. ಸೆಖೆಗೆ ಫ್ಯಾನು, ತಣ್ಣನೆ ನೆಲ, ನೀರು ಸಾಕು. ಚಪ್ಪಟೆ ಮೂತಿಯವಕ್ಕೆ ಉಸಿರಾಟ ಮೊದಲೇ ಕಷ್ಟ, ಬಾಯಿ ತೆಗೆದು ಏದುಸಿರು ಬಿಟ್ರೆ ಡಾಕ್ಟರಿಗೆ ತೋರಿಸೋಕೆ ತಡ ಮಾಡಬೇಡಿ.

ಹುಬ್ಬಳ್ಳಿ_ಮಾವ
ಗಂಡ್ ಬೆಕ್ಕು ಅಂದ್ರಿ, ಅದಕ್ಕ ಹೇಳ್ತೀನ್ರಿ. ಪದೇ ಪದೇ ಟ್ರೇಕ್ ಹೋಗಿ ತಿಣುಕಿ, ಉಚ್ಚಿ ಹನಿನೂ ಬರಲಿಲ್ಲಂದ್ರ ನಾಳೆ ನೋಡೂಣು ಅನ್ನಬ್ಯಾಡ್ರಿ. ದಾರಿ ಕಟ್ಟಿರತೈತಿ, ಜೀವಕ್ಕ ಬರತೈತಿ, ರಾತ್ರಿ ಆದ್ರೂ ಒಯ್ರಿ. ಮೈ ಬಿಸಿ ಐತಂತ ಪ್ಯಾರಾಸಿಟಮಾಲ್ ಮುಟ್ಟಿಸಬ್ಯಾಡ್ರಿ, ಬೆಕ್ಕಿಗೆ ಅದು ವಿಷ.

ಮೂರನೇ_ಮಹಡಿ
ಯುಟಿಲಿಟಿ ಉಪಾಯಕ್ಕೆ ಅತ್ತೆ ಒಪ್ಪಿದ್ರು, "ವಾಸನೆ ಬರಬಾರದು" ಅಂತ ಒಂದು ಷರತ್ತು. ಇನ್ನೊಂದು ಕೇಳೋದಿದೆ, ಬೆಣ್ಣೆಗೆ ಸದಾ ಕಣ್ಣಲ್ಲಿ ನೀರು, ಮೂಗಿನ ಪಕ್ಕ ಕಂದು ಕಲೆ. ಕಾಯಿಲೆಯಾ?

ಬಾಚಣಿಗೆ_ಅಜ್ಜಿ
ಪರ್ಷಿಯನ್ ಮುಖದ ರಚನೆಗೆ ಎಷ್ಟೋ ಸಲ ಕಣ್ಣೀರು ಒಳಗೆ ಸರಿಯಾಗಿ ಹರಿಯಲ್ಲ, ಕೆನ್ನೆಗೆ ಇಳಿಯುತ್ತೆ. ಕಾಯಿಸಿ ಆರಿಸಿದ ನೀರಲ್ಲಿ ಹತ್ತಿ ಅದ್ದಿ ದಿನಾ ಒರೆಸಿ, ಒಂದೊಂದು ಕಣ್ಣಿಗೆ ಬೇರೆ ಹತ್ತಿ. ಹಳದಿ ಅಥವಾ ಹಸಿರು ಪಿಸುರು ಬಂದ್ರೆ, ಕಣ್ಣು ಕಿರಿದು ಮಾಡಿದ್ರೆ ತೋರಿಸಿ. ಮತ್ತೆ ಅಕ್ಕ ಹೊರಡೋ ಮುಂಚೆ ಕಿಡ್ನಿ ಸ್ಕ್ಯಾನ್ ಮಾಡ್ಸಿದ್ದಾಳಾ ಕೇಳಿ. ಪರ್ಷಿಯನ್ನುಗಳಲ್ಲಿ ಕಿಡ್ನಿಯಲ್ಲಿ ನೀರ್ಗುಳ್ಳೆ ಬೆಳೆಯೋ ಕಾಯಿಲೆ ವಂಶದಲ್ಲೇ ಬರುತ್ತೆ, ಅಪ್ಪ ಅಮ್ಮನಲ್ಲಿ ಒಬ್ಬರಿಂದ ಬಂದ್ರೂ ಸಾಕು. ಮನೆಗೆ ಯಾರಾದ್ರೂ ಲಿಲ್ಲಿ ಹೂವಿನ ಬೊಕೆ ತಂದ್ರೆ ಬಾಗಿಲಲ್ಲೇ ವಾಪಸ್ ಕಳ್ಸಿ, ಅದರ ಪರಾಗ ನೆಕ್ಕಿದ್ರೂ ಕಿಡ್ನಿ ಕೆಡುತ್ತೆ. ಬಾಲ್ಕನಿಗೆ ಬಲೆ ಹಾಕ್ಸಿದೀರಾ?