ಮಾಡ್‌ಗಳು ಒಂದಕ್ಕೊಂದು ಹೊಂದುತ್ತಿಲ್ಲ: ಈ ವಾರದ ಪ್ರಶ್ನೋತ್ತರ

ಈ ವಾರ ಉತ್ತರ ಕೊಡುವ ಸರದಿ ನನ್ನದು. ಶಿರಸಿ ಪಕ್ಕದ ಹಳ್ಳಿಯಲ್ಲಿ ಮನೆಯಿಂದಲೇ ಕೆಲಸ ಮಾಡುವ ಜಾವಾ ಪ್ರೋಗ್ರಾಮರ್ ನಾನು. ರಾತ್ರಿ ಊಟ ಆದಮೇಲೆ, ಬ್ಲಾಕುಗಳಿಂದ ಪ್ರಪಂಚ ಕಟ್ಟುವ ಮೈನ್‌ಕ್ರಾಫ್ಟ್ ಅನ್ನುವ ಕಂಪ್ಯೂಟರ್ ಆಟಕ್ಕೆ ಮಾಡ್ ಬರೆಯುವ ಚಟ ಇದೆ. ಮಾಡ್ ಅಂದರೆ ಆಡುವವರೇ ಬರೆದು ಆಟಕ್ಕೆ ಸೇರಿಸುವ ಭಾಗ. ಹೊಸ ಮರ, ಹೊಸ ಪ್ರಾಣಿ, ಹೊಸ ಯಂತ್ರ, ಏನು ಬೇಕಾದರೂ ಆಗಬಹುದು. ನಾನು ಮನೆಯ ಮಾಡು ರಿಪೇರಿ ಬಗ್ಗೆ ಮಾತಾಡುತ್ತಿದ್ದೇನೆ ಅಂತಲೇ ನಮ್ಮಮ್ಮ ಇವತ್ತಿಗೂ ಅಂದುಕೊಂಡಿದ್ದಾರೆ. ಕರೆಂಟ್ ಹೋದರೆ ಉತ್ತರ ತಡ ಆಗಬಹುದು, ಬೇಜಾರು ಬೇಡ.

ಪ್ರಶ್ನೆ (ಕುಮಟಾದಿಂದ): ಸರ್, ನನ್ನ ಮಗ ಎಂಟನೇ ಕ್ಲಾಸು. ರಜೆಗೆ ಹುಬ್ಬಳ್ಳಿಯಿಂದ ಬಂದಿದ್ದ ತಮ್ಮನ ಮಗ ಪೆನ್‌ಡ್ರೈವಿನಲ್ಲಿ ಏನೇನೋ ಮಾಡ್‌ಗಳನ್ನು ಕೊಟ್ಟು ಹೋದ. ಎಣಿಸಿದರೆ 61 ಫೈಲು. ಅಷ್ಟನ್ನೂ ಮಾಡ್ಸ್ ಫೋಲ್ಡರಿಗೆ ಹಾಕಿದ ದಿನದಿಂದ ಆಟ ತೆರೆಯುವುದೇ ಇಲ್ಲ. "ಎಕ್ಸಿಟ್ ಕೋಡ್ 1" ಅಂತ ಬರುತ್ತದೆ. ಹುಡುಗ ಮೂರು ದಿನದಿಂದ ಮುಖ ಊದಿಸಿಕೊಂಡು ಕೂತಿದ್ದಾನೆ. ಒಂದೊಂದಾಗಿ ತೆಗೆದು ನೋಡಬೇಕಾ? ನನಗೆ ಇದರ ತಲೆಬುಡ ಗೊತ್ತಿಲ್ಲ.

ಉತ್ತರ: ಅಕ್ಕಾ, ಎಕ್ಸಿಟ್ ಕೋಡ್ 1 ಅಂದರೆ ಆಟ ಸತ್ತಿತು ಅಂತ, ಅಷ್ಟೇ. ಯಾಕೆ ಸತ್ತಿತು ಅಂತ ಅದು ಹೇಳುವುದಿಲ್ಲ. ಮನೆಯಲ್ಲಿ ದೀಪ ಆರಿದ ಹಾಗೆ. ಫ್ಯೂಸ್ ಹೋಯಿತೋ, ಘಟ್ಟದಲ್ಲಿ ಲೈನ್ ಮೇಲೆ ಮರ ಬಿತ್ತೋ, ಹೋಗಿ ನೋಡಿದರೇ ಗೊತ್ತಾಗುವುದು. ನೋಡಬೇಕಾದ್ದು ಆಟದ ಫೋಲ್ಡರಿನಲ್ಲಿರುವ "ಕ್ರ್ಯಾಶ್ ರಿಪೋರ್ಟ್ಸ್". ಅಲ್ಲಿ ಏನೂ ಇಲ್ಲದಿದ್ದರೆ "ಲಾಗ್ಸ್" ಒಳಗಿನ "ಲೇಟೆಸ್ಟ್ ಲಾಗ್". ಸಾವಿರ ಸಾಲು ಕಂಡು ಹೆದರಬೇಡಿ. "ಕಾಸ್ಡ್ ಬೈ" ಅಂತ ಶುರುವಾಗುವ ಸಾಲು ಹುಡುಕಲು ಮಗನಿಗೆ ಹೇಳಿ. ಅಂಥವು ನಾಲ್ಕೈದು ಇದ್ದರೆ ಎಲ್ಲಕ್ಕಿಂತ ಕೆಳಗಿನದು ಮುಖ್ಯ. ಅದರಲ್ಲಿ ಯಾವುದಾದರೂ ಮಾಡ್‌ನ ಹೆಸರು ಕಂಡರೆ ಅರ್ಧ ಕೆಲಸ ಆಯಿತು.

ಆದರೆ ನನಗೆ ಮೊದಲ ಅನುಮಾನ ಲೋಡರ್ ಮೇಲೆ. ಮಾಡ್‌ಗಳನ್ನು ಆಟದೊಳಗೆ ಹತ್ತಿಸುವ ಸಾಫ್ಟ್‌ವೇರಿಗೆ ಲೋಡರ್ ಅನ್ನುತ್ತಾರೆ. ಫೋರ್ಜ್ ಹಳೆಯದು. ಫ್ಯಾಬ್ರಿಕ್ ಬಂದದ್ದು 2018ರಲ್ಲಿ. 2023ರಲ್ಲಿ ಫೋರ್ಜ್ ತಂಡ ಒಡೆದು ನಿಯೋಫೋರ್ಜ್ ಆಯಿತು. ಒಂದಕ್ಕೆ ಬರೆದ ಮಾಡ್ ಇನ್ನೊಂದರಲ್ಲಿ ಹಾಗೇ ನಡೆಯುವುದಿಲ್ಲ. ಪೆನ್‌ಡ್ರೈವಿನಲ್ಲಿ ಬಂದ ಗಂಟಿನಲ್ಲಿ ಎಲ್ಲಾ ಜಾತಿಯವೂ ಸೇರಿಕೊಂಡಿರುತ್ತವೆ. ಫೈಲಿನ ಹೆಸರು ಓದಿ. ಸಾಮಾನ್ಯವಾಗಿ ಲೋಡರ್ ಯಾವುದು, ಆಟದ ಯಾವ ಆವೃತ್ತಿಗೆ ಅಂತ ಅದರಲ್ಲೇ ಬರೆದಿರುತ್ತದೆ. ಆವೃತ್ತಿಯೂ ಒಂದೇ ಇರಬೇಕು. 1.20.1ಕ್ಕೆ ಬರೆದದ್ದನ್ನು 1.21ಕ್ಕೆ ಹಾಕಿದರೆ ಮುಕ್ಕಾಲು ಪಾಲು ಏಳುವುದಿಲ್ಲ. ಇನ್ನು ಫ್ಯಾಬ್ರಿಕ್ ಆದರೆ, ಬೇರೆ ಮಾಡ್‌ಗಳು ನೆಚ್ಚಿಕೊಳ್ಳುವ ಫ್ಯಾಬ್ರಿಕ್ ಎಪಿಐ ಅನ್ನುವ ಫೈಲನ್ನು ಬೇರೆಯಾಗಿ ಹಾಕಬೇಕು. ಅದನ್ನು ಮರೆಯುವವರೇ ಜಾಸ್ತಿ.

ಇಷ್ಟೆಲ್ಲ ಸರಿ ಇದ್ದೂ ಸತ್ತರೆ, ಒಂದೊಂದಾಗಿ ತೆಗೆಯಬೇಡಿ. ತೋಟದ ಪೈಪಿನಲ್ಲಿ ಎಲ್ಲೋ ಕಸ ಕಟ್ಟಿದರೆ ನಾವು ತುದಿಯಿಂದ ಒಂದೊಂದೇ ಜಾಯಿಂಟ್ ಬಿಚ್ಚುತ್ತಾ ಬರುತ್ತೇವಾ? ನಡುವಿನದು ಬಿಚ್ಚುತ್ತೇವೆ. ನೀರು ಬಂದರೆ ತೊಂದರೆ ಮುಂದೆ, ಬರದಿದ್ದರೆ ಹಿಂದೆ. ಇಲ್ಲಿಯೂ ಅರ್ಧ ಫೈಲು ಹೊರಗಿಟ್ಟು ಆಟ ತೆರೆಯಿರಿ. ಸತ್ತರೆ ಒಳಗಿರುವ ಅರ್ಧದಲ್ಲಿ ಕಳ್ಳ ಇದ್ದಾನೆ. ಅದರಲ್ಲಿ ಮತ್ತೆ ಅರ್ಧ. 61 ಫೈಲಿಗೆ ಆರು ಸಲ ಸಾಕು. ಒಂದು ಜಾಗದಲ್ಲಿ ಮಾತ್ರ ಜನ ಎಡವುತ್ತಾರೆ. ಈ ಅರ್ಧವೂ ನಡೆಯುತ್ತದೆ, ಆ ಅರ್ಧವೂ ನಡೆಯುತ್ತದೆ, ಸೇರಿಸಿದರೆ ಸಾಯುತ್ತದೆ. ಹಾಗಾದರೆ ಜಗಳ ಈ ಕಡೆಯ ಒಂದಕ್ಕೂ ಆ ಕಡೆಯ ಒಂದಕ್ಕೂ. ಆಗ ಒಂದು ಅರ್ಧವನ್ನು ಪೂರ್ತಿ ಒಳಗಿಟ್ಟು, ಇನ್ನೊಂದನ್ನು ಮಾತ್ರ ಒಡೆಯುತ್ತಾ ಹೋಗಬೇಕು. ಫ್ಯಾಬ್ರಿಕ್ ಎಪಿಐ ಥರದ ಫೈಲುಗಳನ್ನು ಹೊರಗೆ ಹಾಕಬೇಡಿ, ಅದು ಇಲ್ಲದೆ ಬೇರೆಯವೂ ಸಾಯುತ್ತವೆ.

ಪೆನ್‌ಡ್ರೈವ್ ಬಗ್ಗೆ ಒಂದು ಮಾತು. 2023ರ ಜೂನ್‌ನಲ್ಲಿ ಫ್ರ್ಯಾಕ್ಚರೈಸರ್ ಅನ್ನುವ ವೈರಸ್ ಮಾಡ್‌ಗಳ ಒಳಗೆ ಕೂತು ಹರಡಿತ್ತು. ಒಂದು ಕಂಪ್ಯೂಟರಿಗೆ ಹೊಕ್ಕರೆ ಅಲ್ಲಿದ್ದ ಬೇರೆ ಜಾರ್ ಫೈಲುಗಳಿಗೂ (ಮಾಡ್‌ಗಳು ಬರುವುದು ಈ ಥರದ ಫೈಲಿನಲ್ಲೇ) ಅಂಟುತ್ತಿತ್ತು. ಹಾಗಾಗಿ ಆ ಫೈಲುಗಳ ಹೆಸರು ಮಾತ್ರ ಪಟ್ಟಿ ಮಾಡಿಕೊಳ್ಳಿ. ಫೈಲನ್ನು ಮೋಡ್ರಿಂತ್ ಅಥವಾ ಕರ್ಸ್‌ಫೋರ್ಜ್ ಅನ್ನುವ ವೆಬ್‌ಸೈಟಿನಿಂದ ಹೊಸದಾಗಿ ಇಳಿಸಿಕೊಳ್ಳಲಿ. 61ರಲ್ಲಿ ನಿಜವಾಗಿ ಬೇಕಾದದ್ದು ಹದಿನೈದೂ ಇರಲಿಕ್ಕಿಲ್ಲ.

ಪ್ರತಿಕ್ರಿಯೆ (ಯಲ್ಲಾಪುರದಿಂದ): ಅದರಲ್ಲಿ ಆಪ್ಟಿಫೈನ್ ಇದ್ದರೆ ಮೊದಲು ಕಿತ್ತು ಹಾಕಿ ಅಕ್ಕಾ. ನಮ್ಮನೆಯಲ್ಲಿ ಅದೇ ಆಗಿತ್ತು.

ಉತ್ತರ: ಇವರು ಹೇಳಿದ್ದು ಸರಿ. ಆಪ್ಟಿಫೈನ್ ಮತ್ತು ಸೋಡಿಯಂ ಅನ್ನುವ ಎರಡು ಮಾಡ್‌ಗಳೂ ಚಿತ್ರ ಬಿಡಿಸುವ ಕೆಲಸವನ್ನೇ ಬದಲಿಸುತ್ತವೆ. ಒಂದು ಒಲೆಗೆ ಇಬ್ಬರು ಅಡಿಗೆಯವರು. ಬೆಳಕು ನೆರಳಿನ ಶೇಡರ್ ಬೇಕು ಅಂದರೆ ಸೋಡಿಯಂ ಜೊತೆ ಐರಿಸ್ ಹಾಕಿದರೆ ಆಯಿತು.

ಪ್ರಶ್ನೆ (ಹೊನ್ನಾವರದಿಂದ): ಅಣ್ಣಾ, ನಾನು ಕಾರವಾರದಲ್ಲಿ ಡಿಪ್ಲೊಮಾ ಓದುತ್ತಿದ್ದೇನೆ. ಫ್ಯಾಬ್ರಿಕ್ 1.21.1ಕ್ಕೆ ಅಡಿಕೆ ಮಾಡ್ ಬರೆದಿದ್ದೇನೆ. ಅಡಿಕೆ ಮರ, ಗೊನೆ, ಮರ ಸೀಳಿದರೆ ದಬ್ಬೆ. ಸಿದ್ದಾಪುರದ ನನ್ನ ಗೆಳೆಯ ಯಕ್ಷಗಾನದ ರಂಗಸ್ಥಳ ಕಟ್ಟುವ ಮಾಡ್ ಬರೆದಿದ್ದಾನೆ. ನನ್ನ ದಬ್ಬೆಯಿಂದ ಅವನ ರಂಗಸ್ಥಳ ಕಟ್ಟಲು ಆಗುತ್ತಿಲ್ಲ. ಅದಕ್ಕೆ ನಾನು ದಬ್ಬೆಯನ್ನು ಹಲಗೆಗಳ ಟ್ಯಾಗಿಗೆ, ಅಂದರೆ ಯಾವ್ಯಾವುದು ಹಲಗೆ ಅಂತ ಆಟ ಇಟ್ಟುಕೊಂಡ ಪಟ್ಟಿಗೆ, ಸೇರಿಸಿದೆ. ಈಗ ಓಕ್ ಹಲಗೆಯಿಂದ ಕ್ರಾಫ್ಟಿಂಗ್ ಟೇಬಲ್ಲೇ ಆಗುತ್ತಿಲ್ಲ! ದಬ್ಬೆಯಿಂದ ಮಾತ್ರ ಆಗುತ್ತದೆ. ಪೆಟ್ಟಿಗೆ, ಕಡ್ಡಿ ಎಲ್ಲದಕ್ಕೂ ದಬ್ಬೆಯೇ ಬೇಕು ಅನ್ನುತ್ತಿದೆ.

ಉತ್ತರ: ತಮ್ಮಾ, ನಕ್ಕು ಸಾಕಾಯಿತು. ಇಡೀ ಪ್ರಪಂಚವನ್ನೇ ಅಡಿಕೆ ತೋಟ ಮಾಡಿಬಿಟ್ಟೆಯಲ್ಲ ಮಾರಾಯಾ. ನಿನ್ನ ಹಲಗೆ ಟ್ಯಾಗಿನ ಜೇಸನ್ ಫೈಲ್ ತೆರೆದು ಮೊದಲ ಸಾಲು ನೋಡು. "ರಿಪ್ಲೇಸ್" ಮುಂದೆ "ಟ್ರೂ" ಅಂತ ಇರುತ್ತದೆ. ಇರುವ ಪಟ್ಟಿ ಹರಿದು ಬಿಸಾಕಿ ನನ್ನದು ಮಾತ್ರ ಇಟ್ಟುಕೋ ಅಂತ ಅದರ ಅರ್ಥ. "ಫಾಲ್ಸ್" ಅಂತ ಬರೆ, ಇಲ್ಲವೇ ಆ ಸಾಲನ್ನೇ ತೆಗೆ. ಆಗ ಓಕ್, ಬರ್ಚ್ ಎಲ್ಲದರ ಜೊತೆ ದಬ್ಬೆಯೂ ಒಂದಾಗಿ ಕೂರುತ್ತದೆ. ಆಟ ಎಲ್ಲಾ ಮಾಡ್‌ಗಳ ಟ್ಯಾಗ್ ಪಟ್ಟಿಯನ್ನು ಕೂಡಿಸುತ್ತದೆ, ಯಾರೂ ಟ್ರೂ ಅನ್ನದಿದ್ದರೆ. ಫೋಲ್ಡರಿನ ಹೆಸರೂ ನೋಡಿಕೋ. ಹಳೆಯ ಪಾಠ ನೋಡಿ ಬರೆದವರು ಟ್ಯಾಗ್ಸ್ ಒಳಗೆ "ಐಟಮ್ಸ್" ಅಂತ ಇಡುತ್ತಾರೆ. 1.21ರಿಂದ ಅದು ಬರೀ "ಐಟಮ್". ತಪ್ಪಾದರೆ ಬೈಗುಳವೂ ಬರುವುದಿಲ್ಲ, ಸುಮ್ನೆ ಕೆಲಸ ಆಗುವುದಿಲ್ಲ. ನಾನು ಅದರಲ್ಲಿ ಒಂದಿಡೀ ಭಾನುವಾರ ಕಳೆದಿದ್ದೇನೆ.

ಇನ್ನು ಗೆಳೆಯನ ಕಡೆಯ ತಪ್ಪು. ಅವನ ರಂಗಸ್ಥಳದ ರೆಸಿಪಿ (ಏನೇನು ಸೇರಿಸಿದರೆ ಅದು ಆಗುತ್ತದೆ ಅನ್ನುವ ಪಟ್ಟಿ) ಓಕ್ ಹಲಗೆಯನ್ನೇ ಹೆಸರು ಹಿಡಿದು ಕೇಳುತ್ತಿರಬೇಕು. ಹಲಗೆ ಟ್ಯಾಗ್ ಕೇಳುವ ಹಾಗೆ ಬದಲಿಸಲಿ. ಆಮೇಲೆ ಅವನಿಗೆ ನಿನ್ನ ಮಾಡ್ ಇದೆಯೋ ಇಲ್ಲವೋ ಅಂತ ತಿಳಿಯಬೇಕಾಗಿಯೇ ಇಲ್ಲ. ನಾಳೆ ಯಾರೋ ಹಲಸಿನ ಮರದ ಮಾಡ್ ತಂದರೂ ಅದರ ಹಲಗೆ ನಡೆಯುತ್ತದೆ. ತವರ, ಬೆಳ್ಳಿ ಥರದ ಲೋಹಗಳಿಗೂ ಇದೇ ಕ್ರಮ. ಅವಕ್ಕೆ "ಸಿ" ಅನ್ನುವ ಹೆಸರಿನ ಕೆಳಗೆ ಎಲ್ಲರೂ ಒಪ್ಪಿದ ಟ್ಯಾಗ್‌ಗಳಿವೆ. 1.21ರ ಹೊತ್ತಿಗೆ ಫ್ಯಾಬ್ರಿಕ್, ನಿಯೋಫೋರ್ಜ್ ಎರಡೂ ಅದನ್ನೇ ಬಳಸತೊಡಗಿದವು. ಎರಡು ಮಾಡ್ ಹೊಂದಿಸುವುದು ಅಂದರೆ ಜನ ದೊಡ್ಡ ಕೋಡ್ ಅಂದುಕೊಳ್ಳುತ್ತಾರೆ. ನಾನು ಕಂಡ ಹಾಗೆ ಬಹಳಷ್ಟು ಸಲ ಇಂಥ ಎರಡು ಸಾಲಿನಲ್ಲಿ ಮುಗಿಯುತ್ತದೆ.

ನಿಮ್ಮ ಕಾಲ ಸುಖದ್ದು ಬಿಡು. ಮೊದಲು ಪ್ರತಿ ಬ್ಲಾಕಿಗೂ ಒಂದು ನಂಬರ್ ಇರುತ್ತಿತ್ತು. ಎರಡು ಮಾಡ್ ಒಂದೇ ನಂಬರ್ ಹಿಡಿದರೆ, ಬಸ್ಸಿನಲ್ಲಿ ಒಂದೇ ಸೀಟಿಗೆ ಕಿಟಕಿಯಿಂದ ಇಬ್ಬರು ಟವೆಲ್ ಹಾಕಿದ ಹಾಗೆ. ಕಾನ್ಫಿಗ್ ಫೈಲ್ ತೆರೆದು ನಾವೇ ನಂಬರ್ ತಿದ್ದುತ್ತಿದ್ದೆವು. 2018ರ 1.13ರಲ್ಲಿ ಬ್ಲಾಕಿನ ನಂಬರ್ ಪೂರ್ತಿ ಹೋಗಿ ಎಲ್ಲವೂ ಹೆಸರಾಯಿತು. ಈಗ ಬ್ಲಾಕಿನ ಹೆಸರಿಗಿಂತ ಮೊದಲು ಮಾಡ್‌ನ ಹೆಸರು ಬರುತ್ತದೆ. ನಮ್ಮ ಕಡೆ ಒಂದೇ ಹೆಸರಿನ ಹತ್ತು ಹೆಗಡೆಯವರಿದ್ದರೂ ಊರಿನ ಹೆಸರು ಸೇರಿಸಿದರೆ ಗೊಂದಲ ಇಲ್ಲ, ಅಲ್ವಾ? ಅದೇ ಲೆಕ್ಕ. ಆ ಹೆಸರು ಮಾತ್ರ ಇಂಗ್ಲಿಷ್ ಸಣ್ಣ ಅಕ್ಷರದಲ್ಲೇ ಇರಬೇಕು. ತೆರೆಯ ಮೇಲೆ ಕಾಣುವ ಹೆಸರನ್ನು ಕನ್ನಡದಲ್ಲಿ ಕೊಡು, ಆಟದ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ.

ಮರುಪ್ರಶ್ನೆ (ಹೊನ್ನಾವರದಿಂದ): ದಬ್ಬೆ ಸರಿಯಾಯಿತು ಅಣ್ಣಾ! ಇನ್ನೊಂದಿದೆ. ರಂಗಸ್ಥಳ ಹತ್ತಿರ ಇದ್ದರೆ ಯಾರೂ ಮಲಗಿ ರಾತ್ರಿ ದಾಟಿಸುವ ಹಾಗಿಲ್ಲ ಅಂತ ಗೆಳೆಯ ಮಾಡಿದ್ದಾನೆ, ಪ್ರಸಂಗ ಮುಗಿಯುವವರೆಗೂ ಎಚ್ಚರ ಇರಬೇಕಂತೆ. ನಾನು ತೋಟ ಕಾಯುವ ಮಾಳ ಮಾಡಿದ್ದೇನೆ, ಅದರಲ್ಲಿ ಮಲಗಿದರೂ ಬೆಳಗಾಗಬಾರದು. ಇಬ್ಬರೂ ಮಿಕ್ಸಿನ್‌ನಲ್ಲಿ ರಿಡೈರೆಕ್ಟ್ ಬಳಸಿದ್ದೇವೆ. ಎರಡೂ ಒಟ್ಟಿಗೆ ಹಾಕಿದರೆ ಕ್ರ್ಯಾಶ್.

ಉತ್ತರ: ಗೊತ್ತಿಲ್ಲದವರಿಗೆ: ಆಟ ಶುರುವಾಗುವಾಗ ಅದರ ಮೂಲ ಕೋಡಿನೊಳಗೆ ನಮ್ಮ ತುಂಡು ಸೇರಿಸುವ ಉಪಾಯಕ್ಕೆ ಮಿಕ್ಸಿನ್ ಅನ್ನುತ್ತಾರೆ. ರಿಡೈರೆಕ್ಟ್ ಅಂದರೆ ಬೆಟ್ಟದಿಂದ ಬರುವ ಅಬ್ಬಿ ನೀರಿನ ದಂಬೆಯನ್ನೇ (ನೀರು ಹರಿಸುವ ಮರದ ಕಾಲುವೆ) ಎತ್ತಿ ನಮ್ಮ ಅಂಗಳಕ್ಕೆ ತಿರುಗಿಸುವುದು. ಮೊದಲು ತಿರುಗಿಸಿದವನಿಗೆ ನೀರು. ಎರಡನೆಯವನು ಬಂದು ನೋಡಿದರೆ ಅಲ್ಲಿ ದಂಬೆಯೇ ಇಲ್ಲ, ಕ್ರ್ಯಾಶ್. ಇದರ ಬದಲು ಮಿಕ್ಸಿನ್ ಎಕ್ಸ್‌ಟ್ರಾಸ್‌ನಲ್ಲಿ ರ‍್ಯಾಪ್ ಆಪರೇಷನ್ ಅಂತ ಇದೆ. ಅದು ದಂಬೆಗೆ ದಂಬೆ ಜೋಡಿಸಿದ ಹಾಗೆ, ನಿನ್ನದನ್ನು ಹಾದು ಅವನದಕ್ಕೂ ಹೋಗುತ್ತದೆ. ಹೊಸ ಫ್ಯಾಬ್ರಿಕ್ ಲೋಡರ್ ಜೊತೆಗೇ ಬರುತ್ತದೆ, ಬೇರೆ ಹಾಕಬೇಕಾಗಿಲ್ಲ.

ಆದರೆ ನಿಮ್ಮಿಬ್ಬರಿಗೂ ಇಲ್ಲಿ ಮಿಕ್ಸಿನ್ನೇ ಬೇಡ. ಫ್ಯಾಬ್ರಿಕ್ ಎಪಿಐನಲ್ಲಿ "ಎಂಟಿಟಿ ಸ್ಲೀಪ್ ಈವೆಂಟ್ಸ್" ಅಂತ ಇದೆ, ಅದರೊಳಗೆ "ಅಲೌ ರಿಸೆಟಿಂಗ್ ಟೈಮ್". ಮಲಗಿದವನನ್ನು ಬೆಳಗು ಮಾಡುವ ಲೆಕ್ಕಕ್ಕೆ ಹಿಡಿಯಬೇಕಾ ಅಂತ ಅದು ಎಲ್ಲಾ ಮಾಡ್‌ಗಳನ್ನೂ ಕೇಳುತ್ತದೆ. ಒಬ್ಬರು ಬೇಡ ಅಂದರೂ ಅವನು ಲೆಕ್ಕಕ್ಕಿಲ್ಲ. ಮಾಳವೂ ಬೇಡ ಅನ್ನಲಿ, ರಂಗಸ್ಥಳವೂ ಬೇಡ ಅನ್ನಲಿ, ಜಗಳವೇ ಇಲ್ಲ. ಮಿಕ್ಸಿನ್ ಕಲಿತ ಹೊಸದರಲ್ಲಿ ಎಲ್ಲದಕ್ಕೂ ಅದನ್ನೇ ಎತ್ತುವ ಉಮೇದು ಇರುತ್ತದೆ. ನಾನೂ ಹಾಗೇ ಇದ್ದೆ. ಮೊದಲು ಎಪಿಐ ಹುಡುಕು, ಅಲ್ಲಿ ಇಲ್ಲದಿದ್ದರೆ ಮಿಕ್ಸಿನ್.

ಅವನ ಮಾಡ್ ಇದ್ದಾಗ ಮಾತ್ರ ಏನಾದರೂ ವಿಶೇಷ ಮಾಡಬೇಕು ಅಂದರೆ, ಆ ಮಾಡ್ ಲೋಡ್ ಆಗಿದೆಯಾ ಅಂತ ಲೋಡರನ್ನು ಮೊದಲು ಕೇಳು. ಅವನ ಕ್ಲಾಸ್ (ಜಾವಾ ಕೋಡಿನ ಒಂದು ಘಟಕ) ಮುಟ್ಟುವ ಕೋಡನ್ನು ಬೇರೆ ಕ್ಲಾಸಿನಲ್ಲಿ ಇಡು. ಇಲ್ಲದಿದ್ದರೆ ನಿಮ್ಮಿಬ್ಬರ ಕಂಪ್ಯೂಟರಿನಲ್ಲಿ ಚೆನ್ನಾಗಿ ನಡೆದು, ಬೇರೆಯವರ ಮನೆಯಲ್ಲಿ "ಕ್ಲಾಸ್ ಸಿಗಲಿಲ್ಲ" ಅಂತ ಬೀಳುತ್ತದೆ. ಫ್ಯಾಬ್ರಿಕ್‌ನ ಮಾಡ್ ಜೇಸನ್‌ನಲ್ಲೂ ಅವನ ಹೆಸರನ್ನು "ಡಿಪೆಂಡ್ಸ್" ಕೆಳಗೆ ಹಾಕಬೇಡ, "ಸಜೆಸ್ಟ್ಸ್" ಸಾಕು.

ಪ್ರಶ್ನೆ (ಕಾರವಾರದಿಂದ): ಮಗಳು ಮೊಬೈಲಿನಲ್ಲಿ ಆಡುತ್ತಾಳೆ. ಈ ಅಡಿಕೆ ಮಾಡ್ ಅವಳಿಗೆ ಸಿಗುತ್ತಾ ಸರ್?

ಉತ್ತರ: ಇಲ್ಲ ಸರ್. ಮೊಬೈಲಿನದು ಬೆಡ್‌ರಾಕ್ ಆವೃತ್ತಿ, ಅದನ್ನು ಬರೆದಿರುವುದು ಸಿ ಪ್ಲಸ್ ಪ್ಲಸ್‌ನಲ್ಲಿ. ಜಾವಾ ಮಾಡ್ ಅಲ್ಲಿ ಹತ್ತುವುದಿಲ್ಲ. ಅಲ್ಲಿರುವುದು ಆ್ಯಡ್‌ಆನ್. ಅಲ್ಲಿಯೂ ಜಗಳ ಇದ್ದೇ ಇದೆ. ಎರಡು ಆ್ಯಡ್‌ಆನ್ ಒಂದೇ ಪ್ಲೇಯರ್ ಫೈಲನ್ನು ಬದಲಿಸಿದರೆ ಪಟ್ಟಿಯಲ್ಲಿ ಮೇಲಿರುವುದೇ ಗೆಲ್ಲುತ್ತದೆ. ಮೇಲೆ ಕೆಳಗೆ ಮಾಡಿ ನೋಡಲು ಹೇಳಿ.

ಪ್ರಶ್ನೆ (ಅಂಕೋಲಾದಿಂದ): ನಮ್ಮ ಶಾಲೆಯ ಕಂಪ್ಯೂಟರುಗಳು ಹಳೆಯವು, ದುಡ್ಡು ಕೊಟ್ಟು ಆಟ ಕೊಳ್ಳುವುದೂ ಕಷ್ಟ. ಮಕ್ಕಳಿಗೆ ಮಾಡ್ ಬರೆಯುವುದನ್ನು ಕಲಿಸಬಹುದಾ?

ಉತ್ತರ: ಮೈನ್‌ಕ್ರಾಫ್ಟ್ ಥರದ ಆಟಗಳ ವೇದಿಕೆ ಲುವಾಂಟಿ ಹಾಕಿ ಮೇಷ್ಟ್ರೇ. 2024ರವರೆಗೆ ಅದರ ಹೆಸರು ಮೈನ್‌ಟೆಸ್ಟ್ ಅಂತಿತ್ತು. ಉಚಿತ, ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ, ಮಾಡ್‌ಗಳನ್ನು ಲುವಾ ಭಾಷೆಯಲ್ಲಿ ಬರೆಯುವುದು. ಟ್ಯಾಗಿನ ಬದಲು ಅಲ್ಲಿ ಗ್ರೂಪ್ ಅನ್ನುತ್ತಾರೆ, ರೆಸಿಪಿಯಲ್ಲಿ "ಗ್ರೂಪ್ ವುಡ್" ಅಂತ ಕೇಳಿದರೆ ಯಾವ ಹಲಗೆಯೂ ಆಗುತ್ತದೆ. ಬೇರೆ ಮಾಡ್ ಇದ್ದರೂ ಸರಿ, ಇಲ್ಲದಿದ್ದರೂ ಸರಿ ಅನ್ನಲು ಮಾಡ್ ಕಾನ್ಫ್ ಫೈಲಿನಲ್ಲಿ "ಆಪ್ಷನಲ್ ಡಿಪೆಂಡ್ಸ್" ಸಾಲು ಇದೆ. ಏಳನೇ ಕ್ಲಾಸಿನವರು ಒಂದು ವಾರದಲ್ಲಿ ಹೊಸ ಬ್ಲಾಕ್ ಮಾಡುತ್ತಾರೆ, ಧೈರ್ಯವಾಗಿ ಶುರು ಮಾಡಿ.

ಮರುಪ್ರಶ್ನೆ (ಕುಮಟಾದಿಂದ): ಸರ್, ಆಟ ತೆರೆಯಿತು! ಫ್ಯಾಬ್ರಿಕ್ ನಡುವೆ ಒಂಬತ್ತು ಫೋರ್ಜ್ ಫೈಲು ಇದ್ದವು, ಆಪ್ಟಿಫೈನೂ ಇತ್ತು. ಮಗ ಬೇಡದ್ದೆಲ್ಲ ತೆಗೆದು 14 ಇಟ್ಟುಕೊಂಡ. ಆದರೆ ಹಳೆಯ ಪ್ರಪಂಚ ತೆರೆದರೆ ಅವನು ಕಟ್ಟಿದ ಮನೆಯ ಎರಡು ಗೋಡೆ, ಒಂದು ಪೆಟ್ಟಿಗೆ ಮಾಯ ಆಗಿವೆ. ಅಳುತ್ತಿದ್ದಾನೆ.

ಉತ್ತರ: ಅಯ್ಯೋ. ಆ ಗೋಡೆಗಳು ತೆಗೆದುಹಾಕಿದ ಯಾವುದೋ ಮಾಡ್‌ನ ಬ್ಲಾಕಿನವು ಅಕ್ಕಾ. ಆ ಮಾಡ್ ಇಲ್ಲದಿದ್ದರೆ ಆಟಕ್ಕೆ ಅದು ಏನು ಅಂತಲೇ ಗೊತ್ತಾಗುವುದಿಲ್ಲ, ಆ ಜಾಗ ಖಾಲಿ ಮಾಡುತ್ತದೆ. ಸೇವ್ ಆದಮೇಲೆ ಮಾಡ್ ವಾಪಸ್ ಹಾಕಿದರೂ ಬರುವುದಿಲ್ಲ. ಮೊದಲೇ ಸೇವ್ಸ್ ಫೋಲ್ಡರ್ ಕಾಪಿ ಮಾಡಿಕೊಳ್ಳಿ ಅಂತ ನಾನು ಹೇಳಬೇಕಿತ್ತು, ತಪ್ಪು ನನ್ನದು. ಈಗ ಆಟ ಮುಚ್ಚಲು ಹೇಳಿ. ಆ ಪ್ರಪಂಚದ ಹಳೆಯ ಕಾಪಿ ಎಲ್ಲಾದರೂ ಇದೆಯಾ?

ಕುಮಟಾದಿಂದ: ತಮ್ಮನ ಮಗ ಊರಿಗೆ ಹೋಗುವಾಗ ತಾನೂ ಆಡುತ್ತೇನೆ ಅಂತ ಇವನ ಪ್ರಪಂಚವನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗಿದ್ದಾನಂತೆ.

ಉತ್ತರ: ಬದುಕಿದಿರಿ. ಆ ಪ್ರಪಂಚದ ಫೋಲ್ಡರ್ ಮಾತ್ರ ಜಿಪ್ ಮಾಡಿ ಕಳಿಸಲಿ, ಜಾರ್ ಫೈಲು ಒಂದೂ ಬೇಡ. ಬಂದದ್ದನ್ನು ತೆರೆಯುವ ಮೊದಲು ಒಂದು ಕಾಪಿ ಬೇರೆ ಕಡೆ ಇಡಿ. ಗೋಡೆಗೆ ಯಾವ ಬ್ಲಾಕ್ ಹಾಕಿದ್ದ ಅಂತ ಮಗನನ್ನು ಕೇಳಿ ಇಲ್ಲಿ ಬರೆಯಿರಿ, ಯಾವ ಮಾಡ್ ಅಂತ ಹುಡುಕೋಣ.