ಪದಚರ್ಚೆ: ಮಕ್ಕಳ ಪ್ರಶ್ನಾವಳಿಯಲ್ಲಿ ‘ಸ್ಟ್ರೆಸ್‌’ಗೆ ಯಾವ ಪದ?

ಪ್ರಶ್ನೆ (ಮುಂಬೈ):
ಮಿತ್ರರೇ, ಇಲ್ಲಿನ ಕನ್ನಡ ಮಾಧ್ಯಮದ 13ರಿಂದ 15 ವರ್ಷದ ಮಕ್ಕಳಿಗಾಗಿ ಮನಶ್ಶಾಸ್ತ್ರಜ್ಞ ಶೆಲ್ಡನ್ ಕೊಹೆನ್ ಅವರ ಹತ್ತು ಪ್ರಶ್ನೆಗಳ ‘ಪರ್ಸೀವ್ಡ್ ಸ್ಟ್ರೆಸ್ ಸ್ಕೇಲ್’ ಕನ್ನಡಕ್ಕೆ ಬರಬೇಕಾಗಿದೆ. ‘ಒತ್ತಡ’ ಅಂದರೆ ಕೆಲವರಿಗೆ ಬಿಪಿ ನೆನಪಾಗುತ್ತದೆ. ಕರಾವಳಿ ಮೂಲದವರು ‘ತಲೆಬಿಸಿ’ ಅನ್ನುತ್ತಾರೆ, ಕಲಬುರಗಿ, ವಿಜಯಪುರ ಕಡೆಯವರು ‘ತ್ರಾಸು’. ಯಾವುದನ್ನು ಇಟ್ಟುಕೊಳ್ಳೋಣ? ಹೆಸರಿಗೆ ‘ಗ್ರಹಿತ ಒತ್ತಡ’ ಆದೀತೇ?

ಉತ್ತರ (ಪುಣೆ):
‘ಗ್ರಹಿತ ಒತ್ತಡ’ ವರದಿಗೆ ಇರಲಿ, ಮಕ್ಕಳ ಹಾಳೆಗೆ ಬೇಡ. ಅಲ್ಲಿ ‘ಕಳೆದ ಒಂದು ತಿಂಗಳಲ್ಲಿ ನನಗೆ ಅನಿಸಿದ್ದು’ ಎಂದರೆ ಸಾಕು. 1983ರಲ್ಲಿ 14 ಪ್ರಶ್ನೆಗಳೊಂದಿಗೆ ಬಂದು, ಆಮೇಲೆ ಹತ್ತಕ್ಕೆ ಇಳಿದ ಈ ಮಾಪಕ ಕಷ್ಟಗಳ ಲೆಕ್ಕ ಹಾಕುವುದಿಲ್ಲ. ಬದುಕು ಎಷ್ಟು ಕೈಮೀರಿದೆ, ಎಷ್ಟು ಹೊರೆಯಾಗಿದೆ ಎಂಬ ಅನಿಸಿಕೆಯನ್ನು ಅಳೆಯುತ್ತದೆ. ‘ಸ್ಟ್ರೆಸ್’ ಎಂಬ ಮಾತು ಬರುವುದೂ ಮೂರನೆಯ ಪ್ರಶ್ನೆಯಲ್ಲಿ ಮಾತ್ರ. ಅಲ್ಲಿ ‘ಟೆನ್ಶನ್’ ಇಡಿ, ಎಲ್ಲ ಮನೆಗಳಲ್ಲೂ ನಡೆಯುವ ಮಾತು. ‘ತ್ರಾಸು’ ಹೊಟ್ಟೆನೋವಿಗೂ ಸಲ್ಲುತ್ತದೆ, ‘ತಲೆಬಿಸಿ’ ಕಿರಿಕಿರಿಯ ಕಡೆ ಜಾರುತ್ತದೆ. ‘ಕಾಳಜಿ’ಯಂತೂ ಬೇಡವೇ ಬೇಡ: ಬೆಂಗಳೂರಿನ ಕಡೆ ಅದು ಅಕ್ಕರೆ, ಧಾರವಾಡದ ಕಡೆಯವರಿಗೂ ಮರಾಠಿ ಕಿವಿಗೂ ಚಿಂತೆ.

ನನ್ನ ಮಟ್ಟಿಗೆ ಹೆಚ್ಚು ತೊಂದರೆ ಕೊಡುವುದು ‘ಇಲ್ಲ’. ಎರಡನೆಯ ಪ್ರಶ್ನೆಯನ್ನು ‘ಮುಖ್ಯ ವಿಷಯಗಳು ನಿನ್ನ ಹಿಡಿತದಲ್ಲಿ ಇಲ್ಲ ಅಂತ ಎಷ್ಟು ಸಲ ಅನಿಸಿತು?’ ಎಂದು ಬರೆದರೆ, ‘ಇಲ್ಲ’ ಎಂಬ ಉತ್ತರ ‘ಹಾಗೆ ಅನಿಸಲಿಲ್ಲ’ವೋ, ‘ಹೌದು, ಹಿಡಿತದಲ್ಲಿ ಇಲ್ಲ’ವೋ ತಿಳಿಯುವುದಿಲ್ಲ. ‘ಕೈಮೀರಿ ಹೋಗುತ್ತಿವೆ ಅಂತ ಎಷ್ಟು ಸಲ ಅನಿಸಿತು?’ ಎಂದು ತಿರುಗಿಸಿ, ಗೊಂದಲ ಹೋಗುತ್ತದೆ. ಉತ್ತರದ ಐದು ಮೆಟ್ಟಿಲುಗಳಲ್ಲಿ ‘ಆಗಾಗ’ ಬಳಸಬೇಡಿ. ಒಬ್ಬರಿಗೆ ಅದು ಅಪರೂಪ, ಇನ್ನೊಬ್ಬರಿಗೆ ಪದೇ ಪದೇ. ‘ಒಂದು ಸಲವೂ ಇಲ್ಲ, ತೀರಾ ಅಪರೂಪಕ್ಕೆ, ಕೆಲವು ಸಲ, ಸಾಕಷ್ಟು ಸಲ, ತುಂಬಾ ಸಲ’: 0ರಿಂದ 4.

4, 5, 7, 8ನೆಯವು ಒಳ್ಳೆಯ ಅನಿಸಿಕೆಯ ಪ್ರಶ್ನೆಗಳು, ಅಂಕ ತಿರುಗಿಸಿ (0 ಇದ್ದರೆ 4) ಕೂಡಿಸಬೇಕು. ಮರೆತರೆ 40ರ ಒಟ್ಟು ಮೊತ್ತಕ್ಕೆ ಅರ್ಥವೇ ಇರದು. ಎಷ್ಟು ಅಂಕ ದಾಟಿದರೆ ಕಾಯಿಲೆ ಎಂಬ ಗೆರೆಯೂ ಇದರಲ್ಲಿಲ್ಲ. ಇದು ರೋಗಪತ್ತೆಯ ಸಾಧನವಲ್ಲ.

ಅನುವಾದವನ್ನು ಮೂಲ ನೋಡದ ಒಬ್ಬರಿಂದ ಮತ್ತೆ ಇಂಗ್ಲಿಷಿಗೆ ತರಿಸಿ. ಆಮೇಲೆ ಕರಾವಳಿ, ಉತ್ತರ ಕರ್ನಾಟಕ ಎರಡೂ ಮೂಲದ ಕೆಲವು ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿ ‘ಇದು ಏನು ಕೇಳ್ತಿದೆ, ನಿನ್ನ ಮಾತಲ್ಲಿ ಹೇಳು’ ಅನ್ನಿ. ಈ ಹಂತ ಬಿಟ್ಟವರ ಅಂಕಿಗಳನ್ನು ನಾನು ನಂಬುವುದಿಲ್ಲ. ಎರಡು ಗುಂಪುಗಳ ಸರಾಸರಿ ಹೋಲಿಸುವ ಮುನ್ನ, ಒಂದೇ ಪ್ರಶ್ನೆ ಎರಡೂ ಕಡೆ ಒಂದೇ ರೀತಿ ಕೆಲಸ ಮಾಡುತ್ತಿದೆಯೇ ಎಂಬ ಅಳತೆ-ಸಮಾನತೆಯ ಪರೀಕ್ಷೆಯೂ ಆಗಬೇಕು. ಇಲ್ಲದಿದ್ದರೆ ಕಾಣುವ ವ್ಯತ್ಯಾಸ ಮನಸ್ಸಿನದೋ ಮಾತಿನದೋ ಹೇಳಲಾಗದು.

ಗೋವಾದ ವಾಸ್ಕೋ ಕಡೆಯಂತೆ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಬೇರೆ ಭಾಷೆ ಇರುವ ಮಕ್ಕಳಿಗೆ ಓದಿ ಹೇಳಬೇಕಾಗುತ್ತದೆ. ಓದುವವರು ಬಾಯಿಗೆ ಬಂದ ಸಮಾನಪದ ಸೇರಿಸದಂತೆ, ‘ಅರ್ಥವಾಗಲಿಲ್ಲ’ ಅಂದಾಗ ಹೇಳಬೇಕಾದ ಒಂದು ವಾಕ್ಯವನ್ನೂ ಅವರ ಹಾಳೆಯಲ್ಲೇ ಅಚ್ಚು ಹಾಕಿಸಿ.